ಕೈಮುಗಿದು ಬಿಟ್ಟವರ ಗಣಿತ

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ 38 ಬಂದಾಗ ಮನೆಯಲ್ಲಿ ಪಾಯಸ ಮಾಡಿದ್ದರು. 35 ದಾಟಿದ್ದೇ ದೊಡ್ಡ ಸುದ್ದಿ. ಮೇಷ್ಟ್ರು ಅಂಕಪಟ್ಟಿ ನೋಡಿ, "ಆಯ್ತಪ್ಪ, ನಿನಗೂ ಲೆಕ್ಕಕ್ಕೂ ಇದ್ದ ಋಣ ತೀರಿತು. ಆರ್ಟ್ಸ್ ತಗೋ" ಅಂದರು. ಅದು ಬೈಗುಳವಾಗಿರಲಿಲ್ಲ, ಜೈಲಿನ ಬಿಡುಗಡೆ ಪತ್ರದ ಹಾಗಿತ್ತು. ನಾನೂ ಗಣಿತಕ್ಕೆ ಕೈಮುಗಿದು ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಕಡೆ ನಡೆದೆ. ಹದಿನಾರನೇ ವಯಸ್ಸಿನಲ್ಲಿ ನನ್ನನ್ನು ಬಿಟ್ಟುಹೋದ ಗಣಿತ ಉಳಿಸಿಹೋದದ್ದು ಎರಡೇ: ಚಕ್ರಬಡ್ಡಿಯ ಸೂತ್ರ, ಮತ್ತೊಂದು ಹೆದರಿಕೆ. ಸೂತ್ರ ಬೇಗ ಮರೆತುಹೋಯಿತು.

ಈಗ ನಾನಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ. ಸುತ್ತ ಮೆಕ್ಕೆಜೋಳದ ಹೊಲ, ನಡುವೆ ಒಂದು ದೊಡ್ಡ ವಿಶ್ವವಿದ್ಯಾಲಯ. ಗ್ರಂಥಾಲಯದಲ್ಲಿ ನನ್ನ ಕೆಲಸ. ಮಗಳು ಬೇರೆ ಊರಿಗೆ ಓದಲು ಹೋದಮೇಲೆ ಸಂಜೆ ಹೊತ್ತು ಹೋಗದೆ, ಹತ್ತಿರದ ಕಮ್ಯುನಿಟಿ ಕಾಲೇಜಿನ ಒಂದು ಗಣಿತದ ತರಗತಿಗೆ ಸೇರಿಕೊಂಡೆ. ಪರೀಕ್ಷೆ ಬರೆಯದೆ ಸುಮ್ಮನೆ ಕೂತು ಕೇಳಬಹುದು, ಇಲ್ಲಿ ಅದಕ್ಕೆ ಆಡಿಟ್ ಅನ್ನುತ್ತಾರೆ. ಕೋರ್ಸಿನ ಹೆಸರು ಜನರಲ್ ಎಜುಕೇಶನ್ ಮ್ಯಾಥಮ್ಯಾಟಿಕ್ಸ್. ಇಲ್ಲಿಯ ಹೆಚ್ಚಿನ ಕಾಲೇಜುಗಳಲ್ಲಿ ನೀವು ಸಂಗೀತ ಓದಿ, ನರ್ಸಿಂಗ್ ಓದಿ, ಡಿಗ್ರಿ ಬೇಕೆಂದರೆ ಗಣಿತದ ಒಂದು ಕೋರ್ಸನ್ನಾದರೂ ಮುಗಿಸಲೇಬೇಕು. ಮುಂದೆಂದೂ ಗಣಿತದ ಮುಖ ನೋಡದವರಿಗೆಂದೇ ಮಾಡಿದ ಕೋರ್ಸು ಇದು.

ಮೊದಲ ದಿನ ನಾವು 28 ಜನ. ಮೇಡಂ ಬೋರ್ಡಿನ ಮೇಲೆ ಒಂದೂ ಸೂತ್ರ ಬರೆಯಲಿಲ್ಲ. "1, 2, 3 ಅಂತ ಎಲ್ಲ ಸಂಖ್ಯೆಗಳೂ ಒಂದು ಕಡೆ, 2, 4, 6 ಅಂತ ಸಮಸಂಖ್ಯೆಗಳು ಮಾತ್ರ ಇನ್ನೊಂದು ಕಡೆ. ಯಾವ ಗುಂಪು ದೊಡ್ಡದು?" ಎಂದು ಕೇಳಿ ಸುಮ್ಮನೆ ಕೂತರು. ಮೊದಲನೆಯದು ಎಂದು ಎಲ್ಲರೂ ಹೇಳಿದೆವು. ಅವರು ಕೊನೆಯಿಲ್ಲದ ಕೋಣೆಗಳ ಹೋಟೆಲೊಂದರ ಕತೆ ಶುರುಮಾಡಿದರು. ಅದು ಗಣಿತಜ್ಞ ಹಿಲ್ಬರ್ಟ್ ಹೇಳಿದ ಪ್ರಸಿದ್ಧ ಕತೆ. ನನ್ನ ತಲೆಯಲ್ಲಿ ಮಾತ್ರ ಅದು ಹೋಟೆಲಾಗಲಿಲ್ಲ, ಮದುವೆಮನೆಯ ಪಂಕ್ತಿಯಾಯಿತು.

ಕೊನೆಯೇ ಇಲ್ಲದ ಪಂಕ್ತಿ, ಎಲ್ಲ ಎಲೆಯ ಮುಂದೂ ಜನ. ತಡವಾಗಿ ಬೀಗರ ಕಡೆಯವರೊಬ್ಬರು ಬಂದರು. ಬಡಿಸುವವರು ಕೂಗುತ್ತಾರೆ: "ಎಲ್ಲರೂ ಒಂದೊಂದು ಎಲೆ ಆಚೆ ಸರೀರಿ." ಮೊದಲ ಎಲೆ ಖಾಲಿ. ಮುಗಿಯದಷ್ಟು ಜನರ ಬಸ್ಸೇ ಬಂದರೆ? "ನಿಮ್ಮ ಎಲೆಯ ನಂಬರನ್ನು ಎರಡರಿಂದ ಗುಣಿಸಿ ಅಲ್ಲಿಗೆ ಹೋಗಿ." ಒಂದನೆಯವರು ಎರಡಕ್ಕೆ, ಎರಡನೆಯವರು ನಾಲ್ಕಕ್ಕೆ, ಮೂರನೆಯವರು ಆರಕ್ಕೆ. ಬೆಸಸಂಖ್ಯೆಯ ಎಲೆಗಳೆಲ್ಲ ಖಾಲಿ, ಬಸ್ಸಿನವರೆಲ್ಲ ಕೂತರು. ಅಂದಮೇಲೆ ಪ್ರತಿ ಸಂಖ್ಯೆಗೂ ಒಂದೊಂದು ಸಮಸಂಖ್ಯೆ ಜೋಡಿಯಾಯಿತು, ಮೇಡಂ ಕೇಳಿದ ಎರಡು ಗುಂಪೂ ಒಂದೇ ಗಾತ್ರದವು.

ಹಾಗಾದರೆ ಈ ಪಂಕ್ತಿಯಲ್ಲಿ ಯಾರು ಬಂದರೂ ಜಾಗ ಉಂಟು ಅಂದುಕೊಂಡೆ. ಮುಂದಿನ ವಾರ ಅದೂ ಬಿದ್ದುಹೋಯಿತು. ಪ್ರತಿಯೊಬ್ಬ ಅತಿಥಿಯ ಕೊರಳಲ್ಲೂ ಕೊನೆಯಿಲ್ಲದ ಅಂಕಿಗಳ ಒಂದೊಂದು ಚೀಟಿ ಇದೆ, ಅಂಥ ಎಲ್ಲ ಚೀಟಿಯವರೂ ಕೂತಾಗಿದೆ ಎಂದು ಬಡಿಸುವವರು ಸಾಧಿಸುತ್ತಾರೆ ಎನ್ನಿ. ನೀವೊಂದು ಹೊಸ ಚೀಟಿ ಬರೆಯಿರಿ. ಅದರ ಮೊದಲ ಅಂಕಿ ಮೊದಲ ಎಲೆಯವನ ಮೊದಲ ಅಂಕಿಗಿಂತ ಬೇರೆ ಇರಲಿ, ಎರಡನೆಯದು ಎರಡನೇ ಎಲೆಯವನ ಎರಡನೆಯದಕ್ಕಿಂತ ಬೇರೆ, ಹೀಗೇ ಮುಂದಕ್ಕೆ. ಈ ಚೀಟಿಯವನು ಪಂಕ್ತಿಯಲ್ಲಿ ಯಾರೂ ಅಲ್ಲ. ಸಾವಿರನೇ ಎಲೆಯವನೇ ಇವನು ಎಂದರೆ, ಸಾವಿರನೇ ಅಂಕಿ ತಾಳೆಯಾಗುವುದಿಲ್ಲ. ಸರಿಸಿ ಇವನನ್ನೂ ಕೂರಿಸಿದರೆ, ಇದೇ ಉಪಾಯದಿಂದ ಇನ್ನೊಬ್ಬ ಹೊರಗುಳಿಯುತ್ತಾನೆ; ಚೀಟಿಗಳು ಎಲೆಗಳಿಗಿಂತ ಹೆಚ್ಚು. ಅಂದರೆ ಅನಂತಗಳಲ್ಲೂ ಚಿಕ್ಕದು ದೊಡ್ಡದು ಉಂಟು. ಜರ್ಮನಿಯ ಕ್ಯಾಂಟರ್ 1891ರಲ್ಲಿ ಕೊಟ್ಟ ವಾದ ಇದು. ಕೂಡುವುದು ಕಳೆಯುವುದು ಕೂಡ ಬೇಕಿಲ್ಲ. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲೂ ಬಗೆಗಳಿವೆ ಎಂದ ಪ್ರಾಚೀನ ಜೈನರ ಮಾತು ಎಲ್ಲೋ ಓದಿದ್ದೆ, ಅದು ನೆನಪಾಯಿತು. ಸಾಧಿಸಿ ತೋರಿಸಿದ್ದು ಮಾತ್ರ ಕ್ಯಾಂಟರನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟೂ ಬಂತು. ಎಸ್ಸೆಸ್ಸೆಲ್ಸಿ ಹುಡುಗನಿಗೆ ಮುಕ್ಕಾಲು ಗಂಟೆಯಲ್ಲಿ ಹೇಳಬಹುದಾದ ಈ ಮಾತನ್ನು ನನಗ್ಯಾಕೆ ಯಾರೂ ಹೇಳಲಿಲ್ಲ?

ನಮ್ಮಲ್ಲಿ ಗಣಿತ ಜರಡಿ. ಅದರ ಕೆಲಸ ಸೋಸುವುದು. ಮೇಲೆ ಉಳಿದವರು ಪಿಸಿಎಂಬಿಗೆ, ಕೆಳಗೆ ಉದುರಿದವರು ಆರ್ಟ್ಸಿಗೆ. ಉದುರಿದವರಿಗೆ ಏನು ತೋರಿಸಿ ಕಳಿಸಬೇಕು ಎಂದು ಜರಡಿ ಯೋಚಿಸುವುದಿಲ್ಲ. ಇಲ್ಲಿಯವರು ತಡವಾಗಿಯಾದರೂ ಆ ಪ್ರಶ್ನೆ ಕೇಳಿಕೊಂಡಿದ್ದಾರೆ. ಮನೆ ಬಿಟ್ಟು ಹೋಗುವವನನ್ನು ಹಳಸಿದ ಅನ್ನ ಬಡಿಸಿ ಕಳಿಸುವುದೋ, ಹೋಳಿಗೆ ಬಡಿಸಿ ಕಳಿಸುವುದೋ ಎಂಬುದಷ್ಟೇ ವ್ಯತ್ಯಾಸ.

ಹಾಗಂತ ಇಲ್ಲಿಯದೆಲ್ಲ ಚಿನ್ನವೇನಲ್ಲ. ನನ್ನ ಜೊತೆ ಕೂತವರಲ್ಲಿ ಅರ್ಧಕ್ಕರ್ಧ ಜನ ಇದು ಸುಲಭದ ಕೋರ್ಸು, ಒಂದು ಕಾಟ ಕಳೆಯಿತು ಎಂದು ಬಂದವರು. ಎರಡು ವಾರಕ್ಕೊಂದು ವಿಷಯ, ತೇರು ನೋಡಿ ಮಂಡಕ್ಕಿ ತಿಂದು ಮನೆಗೆ ಬಂದ ಹಾಗೆ. ಅಭ್ಯಾಸ ಕಮ್ಮಿ. ಪಕ್ಕದಲ್ಲಿ ಕೂರುತ್ತಿದ್ದ ಹುಡುಗ 7 ಎಂಟಲೆ ಎಷ್ಟು ಎನ್ನಲು ಫೋನು ತೆಗೆಯುತ್ತಿದ್ದ. ನಮ್ಮಪ್ಪ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲ ಬಾಯಲ್ಲೇ. ಕ್ವಿಂಟಾಲಿನ ದರ ಕೇಳಿದ ಕೂಡಲೇ ಕೆ.ಜಿ., ಗ್ರಾಮಿನ ಲೆಕ್ಕ ಹೇಳಿಬಿಡುತ್ತಿದ್ದರು. ಆ ಮಗ್ಗಿಯನ್ನು ಬಿಟ್ಟುಕೊಟ್ಟು ಈ ಅನಂತವನ್ನು ತಗೊಳ್ಳಿ ಎಂದರೆ ನಾನು ಒಪ್ಪುವವನಲ್ಲ. ಎರಡೂ ಯಾಕೆ ಬೇಡ?

ಒಂದು ಸಂಜೆ ಮಾತ್ರ ತರಗತಿಗೆ ಪಾಠ ಹೇಳಿದ್ದು ನಾನೇ. 23 ಜನ ಸೇರಿದರೆ ಸಾಕು, ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರುವ ಸಂಭವ ಅರ್ಧಕ್ಕಿಂತ ಹೆಚ್ಚು, ನಮ್ಮ 28 ಜನರಿಗೆ ಸುಮಾರು 65 ಶೇಕಡಾ ಎಂದರು ಮೇಡಂ. ನಾನು ಕೈಯೆತ್ತಿದೆ. ನಮ್ಮೂರ ಶಾಲೆಯಲ್ಲಿ ಇಷ್ಟು ಜನ ಬೇಕಾಗಿರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಹೆಡ್‌ಮಾಸ್ಟರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ನನ್ನ ತರಗತಿಯಲ್ಲೇ ಅಂಥವರು ಹತ್ತು ಹನ್ನೆರಡು ಜನ, ನಾನೂ ಸೇರಿ. ಇಲ್ಲಿಯ ಲೈಸೆನ್ಸಿನಲ್ಲೂ ನಾನು ಹುಟ್ಟಿದ್ದು ಜೂನ್ 1ಕ್ಕೇ. ಮೇಡಂ ನಕ್ಕು, ವರ್ಷದ ಎಲ್ಲ ದಿನಗಳೂ ಸಮ ಎಂದು ನಾವು ಹೇಳದೇ ಒಪ್ಪಿಕೊಂಡಿದ್ದೆವಲ್ಲ, ಆ ಗುಟ್ಟು ಈಗ ಹೊರಬಿತ್ತು ಎಂದರು.

ಬೆಂಗಳೂರಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದರೆ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಬಿ.ಎ. ಹುಡುಗರಿಗೆ ಕೆಲಸ ಸಿಗೋದು ನೋಡು ಮೊದಲು" ಅಂದ. ಅವನ ಮಾತಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಗಣಿತ ಬಿಟ್ಟ ನಮ್ಮವರೆಲ್ಲ ಮುಂದೆ ಏನಾಗುತ್ತಾರೆ ನೋಡಿ. ತಹಶೀಲ್ದಾರರು, ವಕೀಲರು, ಪತ್ರಕರ್ತರು, ಶಾಸಕರು. ಲೆಕ್ಕಕ್ಕೆ ಕೈಮುಗಿದವರೇ ಲೆಕ್ಕದ ಮೇಲೆ ನಿಂತ ತೀರ್ಮಾನ ಮಾಡುವವರು.

ಲೋಕಸಭೆಯ ಸೀಟುಗಳನ್ನೇ ತಗೊಳ್ಳಿ. ಯಾವ ರಾಜ್ಯಕ್ಕೆ ಎಷ್ಟು ಎಂಬುದು 1971ರ ಜನಗಣತಿಯ ಮೇಲೆ ನಿಂತಿದೆ, 1976ರ ತಿದ್ದುಪಡಿ ಅದನ್ನು ಅಲ್ಲೇ ಕಟ್ಟಿಹಾಕಿತು, ಕರ್ನಾಟಕಕ್ಕೆ 28. ಮರುಹಂಚಿಕೆಯ ಮಾತು ಬಂದಾಗಲೆಲ್ಲ ಟಿವಿಯಲ್ಲಿ ಗಂಟಲು ಹರಿಯುವ ಜಗಳ. ಆ ಜಗಳದಲ್ಲಿ ಭಾಗಿಸಿದಾಗ ಉಳಿಯುವ ಚೂರುಗಳನ್ನು ಹೇಗೆ ಹಂಚುತ್ತೀರಿ ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ. ಇಲ್ಲಿ ನಮಗೆ ಅದೇ ಎರಡು ವಾರದ ಪಾಠ. ಅಮೆರಿಕದಲ್ಲಿ 1880ರ ಜನಗಣತಿಯಾದಮೇಲೆ ಬೇರೆ ಬೇರೆ ಸದನಗಾತ್ರಕ್ಕೆ ಲೆಕ್ಕ ಹಾಕುತ್ತಿದ್ದ ಅಧಿಕಾರಿಗೆ ಒಂದು ವಿಚಿತ್ರ ಕಂಡಿತು. ಒಟ್ಟು 299 ಸೀಟಾದರೆ ಅಲಬಾಮಾ ರಾಜ್ಯಕ್ಕೆ 8, 300 ಆದರೆ 7! ಒಟ್ಟು ಹೆಚ್ಚಿದರೂ ಪಾಲು ಇಳಿಯಿತು. ಮೋಸ ಏನಿಲ್ಲ. ಪ್ರತಿ ರಾಜ್ಯಕ್ಕೂ ಪೂರ್ಣ ಸೀಟು ಕೊಟ್ಟಮೇಲೆ ಉಳಿದದ್ದನ್ನು ದೊಡ್ಡ ಚೂರು ಇರುವವರಿಗೆ ಕೊಡುವ ಪದ್ಧತಿ ಅದು. ಒಟ್ಟು ಹೆಚ್ಚಿದಾಗ ದೊಡ್ಡ ರಾಜ್ಯಗಳ ಚೂರು ಬೇಗ ಬೆಳೆದು ಅಲಬಾಮಾದ ಚೂರನ್ನು ಹಿಂದೆ ಹಾಕಿತು. ಇಷ್ಟನ್ನು ತಿಳಿದ ಹತ್ತು ಜನ ಪತ್ರಕರ್ತರು ನಮ್ಮಲ್ಲಿದ್ದರೆ ಆ ಚರ್ಚೆಯ ದನಿಯೇ ಬೇರೆಯಾದೀತು. ಇದು ಜುಟ್ಟಿನ ಮಲ್ಲಿಗೆಯೋ, ಹೊಟ್ಟೆಯ ಹಿಟ್ಟೋ?

ಇದೆಲ್ಲ ಹೊರಗಿನಿಂದ ತಂದು ನೆಡಬೇಕಾದ ಗಿಡವೂ ಅಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಆರಂಭದಲ್ಲೇ ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಕೊಡುತ್ತಾನೆ: ಕಾಮಶಾಸ್ತ್ರ, ಅರ್ಥಶಾಸ್ತ್ರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು. ನರ್ಸಿಂಗಿನವಳೂ ಸಂಗೀತದವನೂ ಅಕ್ಕಪಕ್ಕ ಕೂತ ನನ್ನ ತರಗತಿಯ ಹಾಜರಿ ಪಟ್ಟಿಯೇ ಇದು. (ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಆತ ತಪ್ಪಾಗಿ ಬರೆದ. ನನ್ನಂಥ 38ರವನಿಗೆ ಅದು ಸಮಾಧಾನ.) 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಲೆಕ್ಕಗಳನ್ನು ಪದ್ಯವಾಗಿ ಕಟ್ಟಿದ. ಕನ್ನಡದಲ್ಲಿ ಪಾಠ ಹೇಳಲು ಪದಗಳಿಲ್ಲ ಎನ್ನುವವರಿಗೆ ಪಂಕ್ತಿಯ ಎಲೆ ಸಾಕು.

ಕೋರ್ಸಿನ ಕೊನೆಯಲ್ಲಿ ಪರೀಕ್ಷೆಯ ಬದಲು ನಾಲ್ಕು ಪುಟದ ಬರಹ. ಗಣಿತ ಬಿಟ್ಟ ಯಾರಾದರೊಬ್ಬರಿಗೆ ಒಂದು ವಿಚಾರ ತಿಳಿಸಿ ಹೇಳಬೇಕು. ನನಗೆ ಕಡ್ಡಾಯವಿರಲಿಲ್ಲ, ಆದರೂ ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿರುವ ಅಕ್ಕನ ಮಗಳಿಗೆ ಕನ್ನಡದಲ್ಲಿ ಬರೆದೆ. ಕರ್ನಾಟಕದಲ್ಲಿ 2021ರಲ್ಲಿ ಬಂದ ಓಪನ್ ಎಲೆಕ್ಟಿವ್‌ನಲ್ಲಿ ಬೇರೆ ವಿಭಾಗದ ವಿಷಯ ತಗೊಳ್ಳಲು ಅವಳಿಗೂ ಅವಕಾಶವಿತ್ತು. ಅವಳ ಕಾಲೇಜಿನಲ್ಲಿ ಗಣಿತ ಎಂದರೆ ಬಡ್ಡಿ, ಲಾಭ-ನಷ್ಟ, ಮ್ಯಾಟ್ರಿಕ್ಸ್. ಅವಳು ಆ ಕಡೆ ತಲೆಯೂ ಹಾಕಲಿಲ್ಲ.

ನಾನು ಆರಿಸಿಕೊಂಡದ್ದು ನಾಲ್ಕು ಬಣ್ಣದ ಕತೆ. 1852ರಲ್ಲಿ ಇಂಗ್ಲೆಂಡಿನ ನಕ್ಷೆಗೆ ಬಣ್ಣ ಹಚ್ಚುತ್ತಿದ್ದ ಗುತ್ರಿ ಎಂಬವನಿಗೆ, ಪಕ್ಕಪಕ್ಕದ ಪ್ರಾಂತ್ಯಗಳಿಗೆ ಒಂದೇ ಬಣ್ಣ ಬಾರದಂತೆ ಮಾಡಲು ಯಾವ ನಕ್ಷೆಗೂ ನಾಲ್ಕೇ ಬಣ್ಣ ಸಾಕೇ ಎಂಬ ಅನುಮಾನ ಬಂತು. ಸಾಕು ಎಂದು ಸಾಧಿಸಲು 124 ವರ್ಷ ಹಿಡಿಯಿತು. 1976ರಲ್ಲಿ ಸಾಧಿಸಿದವರು ನಮ್ಮ ಈ ಅರ್ಬಾನಾದಲ್ಲೇ ಇದ್ದ ಅಪೆಲ್ ಮತ್ತು ಹಾಕೆನ್. ಕಂಪ್ಯೂಟರು ಸಾವಿರಕ್ಕೂ ಹೆಚ್ಚು ಗಂಟೆ ದುಡಿಯಿತು. ಇಲ್ಲಿಯ ಗಣಿತ ವಿಭಾಗದಿಂದ ಹೋಗುವ ಟಪಾಲಿನ ಮೇಲೆ "ನಾಲ್ಕು ಬಣ್ಣ ಸಾಕು" ಎಂದು ಮುದ್ರೆ ಬೀಳುತ್ತಿತ್ತಂತೆ. ಮನುಷ್ಯ ಓದಿ ಮುಗಿಸಲಾಗದ ಪುರಾವೆ ಪುರಾವೆಯೇ ಎಂದು ಗಣಿತಜ್ಞರು ಆಮೇಲೆ ಜಗಳವಾಡಿಕೊಂಡರು.

ನಾವು ಶಾಲೆಯಲ್ಲಿ ಮೇಣದ ಬಣ್ಣ ಹಚ್ಚುವಾಗ ಕರ್ನಾಟಕಕ್ಕೆ 19 ಜಿಲ್ಲೆ, ಈಗ 31. ಮೂರೇ ಬಣ್ಣದಲ್ಲಿ ಮುಗಿಯುತ್ತದೆಯೇ ಎಂದು ಒಂದು ರಾತ್ರಿ ಕೂತೆ. ಸಿಕ್ಕಿಬಿದ್ದದ್ದು ನನ್ನ ಜಿಲ್ಲೆಯಲ್ಲೇ. ಶಿವಮೊಗ್ಗದ ಸುತ್ತ ಉತ್ತರ ಕನ್ನಡ, ಹಾವೇರಿ, ದಾವಣಗೆರೆ, ಚಿಕ್ಕಮಗಳೂರು, ಉಡುಪಿ, ಕೈಕೈ ಹಿಡಿದು ನಿಂತ ಐದು ನೆರೆ. ಕೆಂಪು, ಹಸಿರು, ಕೆಂಪು, ಹಸಿರು ಎಂದು ಬಂದರೆ ಐದನೆಯ ಉಡುಪಿಗೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು. ಅದಕ್ಕೆ ಹಳದಿಯೇ ಆಗಬೇಕು. ನಡುವಿನ ಶಿವಮೊಗ್ಗ ಐವರನ್ನೂ ಮುಟ್ಟುತ್ತದೆ, ಅದಕ್ಕೆ ನಾಲ್ಕನೆಯದು ಬೇಕೇ ಬೇಕು. ಇದನ್ನು ಬರೆದು ವಾಟ್ಸಾಪಿನಲ್ಲಿ ಕಳಿಸಿದೆ.

ಎರಡು ದಿನ ಸದ್ದಿಲ್ಲ. ಮೂರನೇ ದಿನ ಬೆಳಿಗ್ಗೆ ನೋಟ್‌ಬುಕ್ಕಿನ ಹಾಳೆಯ ಫೋಟೋ, ಜೊತೆಗೊಂದು ವಾಯ್ಸ್ ಮೆಸೇಜು. "ಮಾಮ, ಶಿರಸಿ ಜಿಲ್ಲೆ ಆಗ್ಬೇಕು ಅಂತ ಹೋರಾಟ ಮಾಡ್ತಾರಲ್ಲ? ಅದಾದ್ರೆ ಸಿದ್ದಾಪುರ ಶಿರಸಿ ಕಡೆ ಹೋಗುತ್ತೆ, ಭಟ್ಕಳ ಕಾರವಾರದ ಕಡೆಗೇ ಉಳಿಯುತ್ತೆ. ಆಗ ನಮ್ಮ ಸುತ್ತ ಆರು ಜಿಲ್ಲೆ. ನಾಲ್ಕನೇ ಬಣ್ಣ ಬೇಡ ಅಲ್ವಾ?"

ಕಾಫಿ ಬದಿಗಿಟ್ಟು ಚೀಟಿಯ ಮೇಲೆ ಬರೆದು ನೋಡಿದೆ. ಕೆಂಪು, ಹಸಿರು, ಕೆಂಪು, ಹಸಿರು, ಕೆಂಪು, ಹಸಿರು, ನಡುವೆ ಶಿವಮೊಗ್ಗ ಹಳದಿ. ಜಿಲ್ಲೆ ಒಂದು ಹೆಚ್ಚಿತು, ಇಲ್ಲಿ ಬಣ್ಣ ಒಂದು ಕಮ್ಮಿಯಾಯಿತು. ಹೌದು ಕಣೇ ಎಂದು ಟೈಪ್ ಮಾಡುವಷ್ಟರಲ್ಲಿ ಮತ್ತೊಂದು ಮೆಸೇಜು ಬಂತು: "ಹಾಗಾದ್ರೆ ಏಳು ಜಿಲ್ಲೆ ಆದ್ರೆ?" ಅದರ ಹಿಂದೆಯೇ ಇನ್ನೊಂದು: "ತಡೀರಿ ಮಾಮ, ಹೇಳ್ಬೇಡಿ."