ಮಡಿ ನಾಣ್ಯ

ಹೊಳೆಯುವುದನ್ನು ಕಂಡೊಡನೆ ಒರೆಸುವ ಚಟಕ್ಕೆ ಮದ್ದಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ, ಸರಕ್ಕೆ ಅಂಟುವಾಳದ ನೊರೆ. ಅದೇ ಕೈಗೆ ಚಿನ್ನದ ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ಕನ್ನಡಿಯಂತೆ ಹೊಳೆಯುವ ಹಾಗೆ ಟಂಕಿಸಿದ ನಾಣ್ಯ, ಸಿಕ್ಕಿತೆನ್ನಿ. ಡಬ್ಬಿ ಟಕ್ಕೆಂದು ತೆರೆಯುತ್ತದೆ, ಪಂಚೆಯ ಅಂಚು ಮೇಲೇಳುತ್ತದೆ, ನಯವಾಗಿ ಎರಡು ಸುತ್ತು. ಮುಗಿಯಿತು ಕತೆ. ಒಂಟಿ ದೀಪದಡಿ ನಾಣ್ಯವನ್ನು ಓರೆಮಾಡಿ 10 ಪಟ್ಟಿನ ಮಸೂರ ಹಿಡಿದರೆ, ಪಂಚೆ ಯಾವ ಕಡೆಗೆ ತಿರುಗಿತ್ತು ಎಂಬುದನ್ನೂ ಕೂದಲೆಳೆ ಗೀರುಗಳು ಹೇಳುತ್ತವೆ.

ಆ ಕನ್ನಡಿ ಪುಗಸಟ್ಟೆ ಬಂದದ್ದಲ್ಲ. ಅಚ್ಚನ್ನೂ ಬಿಲ್ಲೆಯನ್ನೂ ಬೇರೆಬೇರೆಯಾಗಿ ಉಜ್ಜಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿದ ಮೇಲೆ ಬಂದದ್ದು. ಬ್ರಿಟನ್ನಿನ ಚಿನ್ನದ ನಾಣ್ಯವಾದ ಸವರನ್ನಿನ 1989ರ ಆವೃತ್ತಿ ನೋಡಿ. 1489ರಲ್ಲಿ ಏಳನೆಯ ಹೆನ್ರಿ ಹೊರಡಿಸಿದ ಮೊದಲ ಸವರನ್‌ಗೆ 500 ವರ್ಷ ತುಂಬಿದ ನೆನಪಿಗೆ, ಪ್ರೂಫ್ ಆಗಿ ಮಾತ್ರ ಟಂಕಿಸಿದ್ದು. ಸವರನ್ನಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಣುವ, ಕುದುರೆಯೇರಿದ ಸಂತ ಜಾರ್ಜ್‌ಗೆ ಆ ವರ್ಷ ರಜೆ. ರಾಣಿ ಸಿಂಹಾಸನದಲ್ಲಿ ನೇರ ನಮ್ಮತ್ತ ಮುಖಮಾಡಿ ಕೂತಿದ್ದಾಳೆ. ಅಡ್ಡಳತೆ 22.05 ಮಿಮೀ, ತೂಕ 7.988 ಗ್ರಾಂ.

ತೂಕದ ಮಾತು ಬಂತಲ್ಲ. ನಮ್ಮ ಕರಾವಳಿಯಲ್ಲಿ ಚಿನ್ನವನ್ನು ಇನ್ನೂ ಪವನಿನಲ್ಲೇ ಎಣಿಸುತ್ತಾರೆ. ಆ ಪವನಿನ ಮೂಲ ಇದೇ ಸವರನ್. ಆದರೆ ಅಂಗಡಿಯ ಪವನು 8 ಗ್ರಾಂ! ಒಂದಕ್ಕೆ 12 ಮಿಲಿಗ್ರಾಂ ವ್ಯತ್ಯಾಸ, ಹತ್ತಕ್ಕೆ 120, ನೂರಕ್ಕೆ 1.2 ಗ್ರಾಂ. ಇನ್ನು ಸವರನ್ 22 ಕ್ಯಾರೆಟ್ಟಿನದು, ಅಪ್ಪಟ ಚಿನ್ನ 7.32 ಗ್ರಾಂ ಮಾತ್ರ. 1918ರಲ್ಲಿ ಮುಂಬಯಿ ಟಂಕಸಾಲೆಯೂ ಸವರನ್ ಟಂಕಿಸಿತು. ಇಸವಿಯ ಮೇಲಿನ ನೆಲಗೆರೆಯಲ್ಲಿ ಇಂಗ್ಲಿಷಿನ ಪುಟ್ಟ 'ಐ' (I) ಅಕ್ಷರ ಕಂಡರೆ ಅದು ಆ ಮನೆತನದ್ದು. ಕಾಣುವುದೇ ಕಷ್ಟ, ಏಕೆಂದರೆ ಕಾಸಿನ ಸರಕ್ಕೆ ಹೋಗಿಬಂದ ಸವರನ್ ವರ್ಷಗಟ್ಟಲೆ ಎದೆಯ ಮೇಲೆ ಉಜ್ಜಿ ಸವೆದಿರುತ್ತದೆ. ಸರದಿಂದ ಕಳಚಿದ್ದನ್ನು 'ಹೊಸದರಂತಿದೆ' ಎಂದು ಮಾರುವವರಿಗೆ ನಾಚಿಕೆಯಿಲ್ಲ. ತಲೆಯ ನೇರಕ್ಕೆ ಅಂಚನ್ನು ಉಗುರಿನಿಂದ ಸವರಿ ನೋಡಿ. ಕೊಂಡಿ ಕಿತ್ತು ಅರ ಹಾಕಿದ ಕಡೆ ಅಂಚಿನ ಹಲ್ಲುಗಳು ಮೊಂಡಾಗಿರುತ್ತವೆ. ತಕ್ಕಡಿಯೂ ಚಾಡಿ ಹೇಳುತ್ತದೆ.

ಎಲ್ಲಿದ್ದೆವು? ಪಂಚೆಯಲ್ಲಿ. ಬೆರಳಿನ ಜಿಡ್ಡು ತಾಗಿದ್ದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಸುರಿದು, ಎರಡು ಮೂರು ನಿಮಿಷ ಮುಳುಗಿಸಿ, ಅಂಚು ಹಿಡಿದೆತ್ತಿ ಗಾಳಿಗೆ ಬಿಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಪರಿಮಳ, ಎಣ್ಣೆ ಎಲ್ಲ ಇರುತ್ತವೆ. ಹತ್ತಿರ ಬೆಂಕಿಯೂ ಬೇಡ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟು ಹಸಿರು ಅಂಟು ಹಿಡಿದಿದ್ದರೂ ಇದೇ ಉಪಾಯ. ಕೆಂಪು ಚುಕ್ಕೆ ಮಾತ್ರ ಹೋಗದು, ಅದು ಕರಗಿಸುವಾಗ ಸರಿಯಾಗಿ ಬೆರೆಯದೆ ಉಳಿದ ತಾಮ್ರದ ಕಣ. ಉಜ್ಜಿದರೆ ಚುಕ್ಕೆಯ ಜೊತೆಗೆ ಗೀರೂ ಇರುತ್ತದೆ, ಅಷ್ಟೇ.

ಕೆಲವು ಕಲೆಗಳು ಮುಟ್ಟದೆಯೂ ಬರುತ್ತವೆ. ಡಬ್ಬಿ ತೆರೆದು, ನಾಣ್ಯವನ್ನು ಮೂಗಿನ ಹತ್ತಿರ ತಂದು, 'ಆಹಾ, ಎಷ್ಟು ಚೆನ್ನಾಗಿದೆ!' ಎನ್ನುವವರ ಬಾಯಿಂದ ಎಂಜಲು ಹಾರುತ್ತದೆ. ಹೊಗಳುವುದಿದ್ದರೆ ಮುಚ್ಚಳ ಹಾಕಿ ಹೊಗಳಿ.