ಆಟಿಕೆ ಪುಕ್ಕಟೆ, ಮಗುವಿನ ಜಾತಕ ಕೊಡಿ

ಮತ್ತೆ ಬಂತು ನೋಡಿ. 'ಮಕ್ಕಳಿಗೆ ಉಚಿತ ಆಟಿಕೆ, ಇಂದೇ ಕೊನೆಯ ದಿನ.' ಈ ಕೊನೆಯ ದಿನ ಹೋದ ತಿಂಗಳೂ ಬಂದಿತ್ತು. ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕಳಿಸಿದವರು ಯಾರೋ ಅತ್ತೆಯೋ, ಹಳೆಯ ಕ್ಲಾಸ್‌ಮೇಟೋ ಆಗಿರುತ್ತಾರೆ. ಒತ್ತಿದರೆ ಒಂದು ಚಕ್ರ ತಿರುಗುತ್ತದೆ. ನೀವು ಗೆಲ್ಲುತ್ತೀರಿ. ನಿಮ್ಮ ಅತ್ತೆಯೂ ಗೆದ್ದಿದ್ದರು. ಸೋತವರೇ ಇಲ್ಲದ ಇಂಥ ಜೂಜು ಬೇರೆ ಎಲ್ಲಿ ಸಿಗಬೇಕು ಹೇಳಿ?

ಗೆದ್ದ ಮೇಲೆ ಶುರು ವಿಚಾರಣೆ. ಮಗುವಿನ ಹೆಸರು? ಹುಟ್ಟಿದ ದಿನ? ಯಾವ ಶಾಲೆ? ನಿಮ್ಮ ಫೋನ್ ನಂಬರ್? ಒಟಿಪಿ ಬಂತಾ? ನೀವು ಮನುಷ್ಯರೇ ಹೌದಾ? ಹಾಗಿದ್ದರೆ ಟ್ರಾಫಿಕ್ ಲೈಟ್ ಇರುವ ಚಿತ್ರಗಳನ್ನು ಆರಿಸಿ. ಪಾಸ್‌ಪೋರ್ಟ್ ಕೊಡುವವರೂ ಇಷ್ಟು ಕಾಡುವುದಿಲ್ಲ, ಇದು ಒಂದು ಪ್ಲಾಸ್ಟಿಕ್ ಬಾತುಕೋಳಿಗೆ. ಕೊನೆಗೆ ಬಾತುಕೋಳಿ ಪುಕ್ಕಟೆ, ಕಳಿಸುವ ಖರ್ಚು ಮಾತ್ರ ನಿಮ್ಮದು. ಜೊತೆಗೆ ಇದನ್ನು ಇನ್ನಷ್ಟು ಗ್ರೂಪಿಗೆ ಹಾಕಿ. ಅತ್ತೆ ಯಾಕೆ ಕಳಿಸಿದ್ದರು ಅಂತ ಈಗ ಗೊತ್ತಾಯ್ತಲ್ಲ.

13 ವರ್ಷದೊಳಗಿನ ಮಕ್ಕಳಿಂದ ಆನ್‌ಲೈನಿನಲ್ಲಿ ವಿವರ ಕೇಳುವ ಮೊದಲು ಹೆತ್ತವರ ಒಪ್ಪಿಗೆ ಪಡೆಯಬೇಕು ಅಂತ ಅಮೆರಿಕ 1998ರಲ್ಲೇ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಹೆತ್ತವರೇ ಕನ್ನಡಕ ಹಾಕಿಕೊಂಡು ಕೂತು ಒಂದೊಂದೇ ಖಾನೆ ತುಂಬಿಸುತ್ತಾರೆ ಅಂತ ಪಾಪ ಅವರಿಗೇನು ಗೊತ್ತು?

ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ನಮ್ಮ ಗುಣ ವ್ಯಾಪಾರಿಗಳಿಗೆ ಮೊದಲಿನಿಂದಲೂ ಗೊತ್ತು. ಅಮೆರಿಕದ ಕ್ರ್ಯಾಕರ್ ಜ್ಯಾಕ್ 1912ರಲ್ಲೇ ಪಾಪ್‌ಕಾರ್ನ್ ಡಬ್ಬಿಯೊಳಗೆ ಆಟಿಕೆ ಹಾಕಲು ಶುರು ಮಾಡಿತ್ತು. 2016ರಲ್ಲಿ ಅದನ್ನೂ ತೆಗೆದು, ಫೋನಿನಲ್ಲಿ ಸ್ಕ್ಯಾನ್ ಮಾಡುವ ಚೀಟಿ ಇಟ್ಟರು. ಮಗು ಈಗ ಚೀಟಿ ಜೊತೆ ಆಡಬೇಕು.

ಮೆಕ್‌ಡೊನಾಲ್ಡ್ಸ್‌ನ ಹ್ಯಾಪಿ ಮೀಲ್ 1979ರದು. 1997ರಲ್ಲಿ ಅದರ ಜೊತೆ ಪುಟ್ಟ ಬೀನಿ ಗೊಂಬೆ ಕೊಟ್ಟಾಗ ದೊಡ್ಡವರೇ ಸಾಲುಗಟ್ಟಿ ನಿಂತರು. ಗೊಂಬೆ ಇಟ್ಟುಕೊಂಡು ಊಟ ಎಸೆದವರೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೊ ನಗರ 2010ರಲ್ಲಿ, ಪೌಷ್ಟಿಕವಲ್ಲದ ಊಟದ ಜೊತೆ ಮಕ್ಕಳಿಗೆ ಆಟಿಕೆ ಪುಕ್ಕಟೆ ಕೊಡಬೇಡಿ ಅಂದಿತು. ಆಯ್ತು, ಪುಕ್ಕಟೆ ಬೇಡ ತಾನೇ, 10 ಸೆಂಟ್ ಕೊಡಿ ಅಂದಿತು ಕಂಪನಿ. ಆ ದುಡ್ಡು ದಾನಕ್ಕೆ ಅಂತಲೂ ಸೇರಿಸಿತು. ಇಂಥ ತಲೆಗೆ ಒಂದು ಶಾಲು ಹೊದಿಸಬೇಕು.

ನನಗೆ ತುಂಬಾ ಇಷ್ಟವಾದದ್ದು ಇದೇ ಮೆಕ್‌ಡೊನಾಲ್ಡ್ಸ್‌ನ 2016ರ ಕಥೆ. ಬರ್ಗರ್ ತಿನ್ನುವ ಮಗುವಿಗೆ ನಡಿಗೆ ಎಣಿಸುವ ಕೈಪಟ್ಟಿ! ತಿನ್ನು, ಆಮೇಲೆ ಓಡು. ಯಾವ ಮೀಟಿಂಗಿನಲ್ಲಿ ಯಾರಿಗೆ ಹೊಳೆಯಿತೋ. ಕಟ್ಟಿಕೊಂಡ ಮಕ್ಕಳ ಕೈಯಲ್ಲಿ ತುರಿಕೆ, ಸುಟ್ಟಂಥ ಗಾಯ. ಅಮೆರಿಕವೊಂದರಲ್ಲೇ ಸುಮಾರು 2.9 ಕೋಟಿ ಪಟ್ಟಿ ವಾಪಸ್ ಕರೆದರು. ಹಿಂದಿರುಗಿಸಿದವರಿಗೆ ಬೇರೆ ಆಟಿಕೆ, ಜೊತೆಗೆ ಮೊಸರಿನ ಟ್ಯೂಬೋ ಸೇಬಿನ ಹೋಳಿನ ಪೊಟ್ಟಣವೋ. ಮಕ್ಕಳ ಕೈ ಉರಿದ ಮೇಲಾದರೂ ಹಣ್ಣಿನ ನೆನಪಾಯ್ತಲ್ಲ, ಸಂತೋಷ.

ಇದಕ್ಕೂ ಮೊದಲು, 1999ರಲ್ಲಿ, ಬರ್ಗರ್ ಕಿಂಗ್ ಪೋಕೆಮಾನ್ ಚೆಂಡು ಹಂಚಿತ್ತು. ಎರಡು ಹೋಳಾಗುವ ಪ್ಲಾಸ್ಟಿಕ್ ಚೆಂಡು. ಒಂದು ಹೋಳು ಪುಟ್ಟ ಮಗುವಿನ ಮೂಗು ಬಾಯಿ ಮುಚ್ಚಿಬಿಡುವಷ್ಟು ದೊಡ್ಡದು. 13 ತಿಂಗಳ ಒಂದು ಮಗು ಉಸಿರುಗಟ್ಟಿ ಸತ್ತಿತು. 2.5 ಕೋಟಿಗೂ ಹೆಚ್ಚು ಚೆಂಡುಗಳನ್ನು ವಾಪಸ್ ಕರೆದರು. ತಂದುಕೊಟ್ಟವರಿಗೆ ಏನು ಕೊಟ್ಟರು ಗೊತ್ತಾ? ಒಂದು ಸಣ್ಣ ಪೊಟ್ಟಣ ಫ್ರೈಸ್. ಮಗು ಸತ್ತ ಮೇಲೂ ಕೊಡುಗೆ! ಇದನ್ನು ಹೇಗೆ ತಮಾಷೆ ಮಾಡುವುದು? ನನಗಂತೂ ಆಗುವುದಿಲ್ಲ. ಕೋಟಿಗಟ್ಟಲೆ ಹಂಚುವ ಮೊದಲು ಒಂದು ಸಲ ಮಗುವಿನ ಮುಖದ ಅಳತೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲವಾ?

ಪುಕ್ಕಟೆ ಆಟಿಕೆ ಸಿಗುವುದೇ ಇಲ್ಲ ಅಂತಲ್ಲ. ಲಾಸ್ ಏಂಜಲೀಸ್‌ನಲ್ಲಿ 1935ರಲ್ಲೇ, ಜನರ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಪುಸ್ತಕದ ಹಾಗೆ ಆಟಿಕೆಯನ್ನೂ ಎರವಲು ಕೊಡಲು ಶುರು ಮಾಡಿದ್ದರು. ಇಂಥ ಆಟಿಕೆ ಲೈಬ್ರರಿಗಳು ಈಗ ಎಷ್ಟೋ ದೇಶಗಳಲ್ಲಿವೆ. ಈ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಷ್ಟು ದೂರವೂ ಬೇಡ. ಪಕ್ಕದ ಮನೆಯ ಮಕ್ಕಳು ದೊಡ್ಡವರಾಗಿದ್ದಾರೆ, ಒಂದು ಪೆಟ್ಟಿಗೆ ತುಂಬಾ ಸಾಮಾನು ಸುಮ್ನೆ ಬಿದ್ದಿದೆ, ತಗೊಂಡು ಹೋದರೆ ಸಾಕು ಅಂತ ಅವರೂ ಕಾಯುತ್ತಿದ್ದಾರೆ. ಹೋಗಿ ಕೇಳಿ ಅಂದರೆ ನಮ್ಮವರು ಮುಖ ಸಿಂಡರಿಸುತ್ತಾರೆ. 'ಛೇ, ಏನಂದ್ಕೋತಾರೆ!'