ಎರಡು ಗೆರೆ ಕಡಿಮೆ

“ಬಾವ, ನಿಮ್ಮ ಅಳಿಲಿಗೆ ಎರಡು ಗೆರೆ ಕಡಿಮೆ ಇದೆ.”

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಬಾಮೈದ ಹೀಗೆಂದಾಗ, ಆ ಎರಡನ್ನೂ ನಾನೇ ಕದ್ದಿಟ್ಟ ಹಾಗಾಯಿತು. ಅವನಿರುವುದು ನೋಯ್ಡಾದಲ್ಲಿ. ‘ನಮ್ಮ ಕಡೆ’ ಅಳಿಲಿಗೆ ಐದು ಗೆರೆಯಂತೆ. ‘ನಮ್ಮ ಕಡೆ’ ನೀಲಗಾಯಿ ರಸ್ತೆಗೇ ಬರುತ್ತವಂತೆ. ಸಾಗರದಲ್ಲಿ ಹುಟ್ಟಿ ಬೆಳೆದವನಿಗೆ ಆರೇ ವರ್ಷದಲ್ಲಿ ನೋಯ್ಡಾ ‘ನಮ್ಮ ಕಡೆ’, ತೀರ್ಥಹಳ್ಳಿ ‘ನಿಮ್ಮ ಕಡೆ’!

ಸುಮ್ನೆ ಬಿಡೋದು ಹೇಗೆ? ತೋಟಕ್ಕೆ ಕರೆದೊಯ್ದು ಹಾರುವ ಓತಿ ತೋರಿಸಿದೆ. ಅದು ಗಂಟಲಡಿಯ ಹಳದಿ ಚೀಲವನ್ನು ಒಂದೆರಡು ಸಲ ಆಡಿಸಿತು, ಅಷ್ಟೆ. ದಿನಾ ಅಡಿಕೆ ಮರದಿಂದ ಮರಕ್ಕೆ ತೇಲುವ ಪ್ರಾಣಿ, ನೆಂಟರೆದುರು ಮೊಳೆ ಹೊಡೆದಂತೆ ಕೂತುಬಿಟ್ಟಿತು. “ಇದು ಹಾರಲ್ವಾ?” ಅಂದ. ಕೆಂಜಳಿಲಾದರೂ ಬಂದಿದ್ದರೆ! ಮೂತಿಯಿಂದ ಬಾಲದ ತುದಿವರೆಗೆ ಹತ್ತಿರ ಹತ್ತಿರ ಎರಡು ಮೊಳ, ಗೆರೆಯ ಹಂಗೇ ಇಲ್ಲ. ಎಳನೀರು ಹಾಳು ಮಾಡಲು ತಪ್ಪದೆ ಬರುವ ಅದೂ ಅವತ್ತು ರಜೆ. ಮಂಡಗದ್ದೆಗೆ ಹೋಗೋಣವೆಂದರೆ, ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ. ಇದು ಮೇ ತಿಂಗಳು.

ಕೊನೆಗೆ ಉಳಿದಿದ್ದು ಗೆರೆ ಎಣಿಸುವುದು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕಿ, ನನ್ನ ಕೈಗೊಂದು ಕೋಲು ಕೊಟ್ಟು ಹೆಂಡತಿ ಒಳಗೆ ಹೋಗಿದ್ದಳು. ಅಳಿಲು ಬಂತು. ಕೋಲು ಎತ್ತಿದರೆ ಓಡುತ್ತದಲ್ಲ, ಎತ್ತಲಿಲ್ಲ. ಒಂದು ಹಪ್ಪಳವನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿನಿಂದ ಕರಕರ ಕಡಿಯುತ್ತಾ ಕೂತಿತು. ಎಣಿಸಿದೆ, ಮೂರು. ತಿರುಗಿ ಕೂತಿತು. ಎಣಿಸಿದೆ, ನಾಲ್ಕು! ಬೇಲಿಯಾಚೆಯಿಂದ ಪಕ್ಕದ ಮನೆಯ ಹೆಗ್ಡೇರು, “ನೀವು ಎಣಿಸ್ತಿರೋದು ಬಿಳೀದೋ ಕಪ್ಪೋ?” ಎಂದರು. ಬಿಳಿಯನ್ನೇ ಹಿಡಿದು ಹೊಸದಾಗಿ ಶುರು ಮಾಡಿದೆ. ಅಷ್ಟರಲ್ಲಿ ಅದು ಎರಡನೇ ಹಪ್ಪಳಕ್ಕೆ ಬಂದಿತ್ತು, ಜೊತೆಗೆ ಅದರ ನೆಂಟರೂ ಬಂದಿದ್ದರು. ಬಿಳಿ ಮೂರೇ.

ಬಾಮೈದ ಹೇಳಿದ್ದು ಸರಿ, ಅದೇ ಕಷ್ಟ. ದಕ್ಷಿಣದ ಮಾಮೂಲಿ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ. ಉತ್ತರದ್ದಕ್ಕೆ ಪಕ್ಕೆಗೊಂದರಂತೆ ಇನ್ನೆರಡು. ಎರಡೂ ಬೇರೆ ಬೇರೆ ಜಾತಿ.

ಆದರೆ ನನ್ನದೊಂದು ತಕರಾರಿದೆ. ಮೈಗೆ ಮರಳು ಮೆತ್ತಿಕೊಂಡು ಸೇತುವೆಗೆ ಕೊಡವಿದ್ದು ರಾಮೇಶ್ವರದ ಅಳಿಲು, ಅಂದರೆ ನಮ್ಮ ಕಡೆಯದು. ರಾಮ ಮೂರು ಬೆರಳಲ್ಲಿ ಸವರಿದ, ಸರಿ. ಒಂದು ಹರಳು ಮರಳನ್ನೂ ಹೊರದ ದೆಹಲಿ ಅಳಿಲಿಗೆ ಐದು ಹೇಗೆ ಬಂತು? ದುಡಿಮೆ ಇಲ್ಲಿ, ಹಂಚಿಕೆ ಅಲ್ಲಿ. ಇದೇನು ಹೊಸದಲ್ಲ ಬಿಡಿ.

ಇದನ್ನು ಬಾಮೈದನ ಮುಂದೆ ಜೋರಾಗಿಯೇ ಮಂಡಿಸುತ್ತಿದ್ದೆ. ಒಳಗಿಂದ ಹೆಂಡತಿಯ ದನಿ.

“ರೀ, ಎಷ್ಟಿದೆ?”

“ಮೂರೇ ಕಣೇ, ಸರಿಯಾಗಿ ನೋಡಿದೆ!”

“ಅಯ್ಯೋ, ನಲವತ್ತು ಹಾಕಿದ್ನಲ್ರೀ!”